ಇಂಜೆರಾ ಮನೆಯಲ್ಲಿ ಮಾಡೋದಾದರೆ

ಪ್ರಶ್ನೆ: ಮಗಳ ಕ್ಲಾಸಿನಲ್ಲಿ ಈ ಸಲ ಇಥಿಯೋಪಿಯಾ ಊಟ. ದೋಸೆ ಹಿಟ್ಟಿಗೇ ಟೆಫ್ (ಅಲ್ಲಿನ ಪುಟ್ಟ ಕಾಳಿನ ಧಾನ್ಯ) ಹಿಟ್ಟು ಬೆರೆಸಿ ಹೊಯ್ದರೆ ಇಂಜೆರಾ, ಅಂದರೆ ಅವರ ಹುಳಿ ದೋಸೆಯಂಥ ರೊಟ್ಟಿ, ಆಗುತ್ತಾ?

ಉತ್ತರ: ಆಗಲ್ಲ, ಅದು ಟೆಫ್ ದೋಸೆ ಆಗುತ್ತೆ ಅಷ್ಟೆ. ಟೆಫ್‌ನಲ್ಲಿ ಗ್ಲುಟನ್ (ಗೋಧಿಯಲ್ಲಿರೋ ಅಂಟು) ಇಲ್ಲ, ಹಿಡಿದುಕೊಳ್ಳೋಕೆ ನಮ್ಮ ಹಾಗೆ ಉದ್ದೂ ಹಾಕಲ್ಲ. ಹಿಡಿತ ಕೊಡೋದು ಅಬ್ಸಿಟ್, ಅಂದರೆ ಅದೇ ಹಿಟ್ಟಿನ ಗಂಜಿ.

2 ಕಪ್ ಟೆಫ್ ಹಿಟ್ಟಿಗೆ 3 ಕಪ್ ನೀರು. ನಲ್ಲಿ ನೀರಲ್ಲಿ ಕ್ಲೋರಿನ್ ಇದ್ದರೆ ಕುದಿಸಿ ಆರಿಸಿ. ಉಪ್ಪು ಈಗ ಬೇಡ, ಹುದುಗು ನಿಧಾನವಾಗುತ್ತೆ. ಸಡಿಲವಾಗಿ ಮುಚ್ಚಿ 3 ದಿನ ಬಿಡಿ. ಚಳಿಗಾಲದಲ್ಲಿ ದೀಪ ಮಾತ್ರ ಹಾಕಿದ ಅವನ್ ಒಳಗಿಡಿ. ಮೇಲೆ ತೇಲುವ ಹಳದಿ ನೀರೇ ಎರ್ಶೊ. ಬಗ್ಗಿಸಿ ತೆಗೆದು ಸ್ವಲ್ಪ ಫ್ರಿಜ್‌ನಲ್ಲಿಡಿ, ಮುಂದಿನ ಸಲಕ್ಕೆ ಅದೇ ಹೆಪ್ಪು. ಗುಲಾಬಿ ಬಣ್ಣವೋ ಬೂಷ್ಟೋ ಕಂಡರೆ ಅಷ್ಟನ್ನೂ ಚೆಲ್ಲಿಬಿಡಿ.

ಈಗ ಹುದುಗಿದ ಹಿಟ್ಟಿನಿಂದ ಅರ್ಧ ಕಪ್ ತೆಗೆದು ಕುದಿಯುವ 1 ಕಪ್ ನೀರಿಗೆ ಹಾಕಿ ರಾಗಿ ಅಂಬಲಿ ಹದಕ್ಕೆ ತಿರುವಿ, ಇದೇ ಅಬ್ಸಿಟ್. ಪೂರ್ತಿ ಆರಿದ ಮೇಲೆ ಉಪ್ಪಿನ ಜೊತೆ ವಾಪಸ್ ಬೆರೆಸಿ. ಬಿಸಿಯಲ್ಲೇ ಬೆರೆಸಿದರೆ ಹುದುಗು ಸತ್ತು ತೂತೇ ಬರಲ್ಲ. ಒಂದೆರಡು ಗಂಟೆಯಲ್ಲಿ ಗುಳ್ಳೆ ಏಳುತ್ತೆ. ಹದ ನೀರು ದೋಸೆಗಿಂತ ಚೂರು ಗಟ್ಟಿ.

ನಾನ್‌ಸ್ಟಿಕ್ ತವಾ, ಎಣ್ಣೆ ಬೇಡ. ಅಂಚಿನಿಂದ ನಡುವಿಗೆ ಸುತ್ತುತ್ತಾ ಹೊಯ್ಯಿರಿ. ಮೈತುಂಬ ತೂತು (ಅವರು ಇದನ್ನ ಕಣ್ಣು ಅಂತಾರೆ) ಬಿಟ್ಟ ಮೇಲೆ ಮುಚ್ಚಿ, ಮೊದಲೇ ಮುಚ್ಚಿದರೆ ಮೇಲ್ಮೈ ಹಸಿಹಸಿ. 2 ನಿಮಿಷದಲ್ಲಿ ಅಂಚು ತಾನೇ ಏಳುತ್ತೆ. ಮಗುಚಬೇಡಿ. ಒಂದೊಂದಾಗಿ ಬಟ್ಟೆ ಮೇಲೆ ಆರಿಸಿ ಆಮೇಲೆ ಪೇರಿಸಿ, ಇಲ್ಲದಿದ್ದರೆ ಮುದ್ದೆ.

ಇನ್ನೊಬ್ಬರು: ಟೆಫ್ ಸಾಕಷ್ಟು ಸಿಗದಿದ್ದರೆ ಒಂದು ಪಾಲು ರಾಗಿ ಸೇರಿಸಿ, ಅದೇನೂ ಮೋಸ ಅಲ್ಲ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಇಥಿಯೋಪಿಯಾದಲ್ಲಿ ಅದು ದಗುಸಾ. ಅಂಗಡಿ ಇಂಜೆರಾದಲ್ಲಿ ಎಷ್ಟೋ ಸಲ ಗೋಧಿ ಇರುತ್ತೆ, ಅಲರ್ಜಿ ಇರೋ ಮಕ್ಕಳಿದ್ದರೆ ಲೇಬಲ್ ನೋಡಿ.

ಮತ್ತೊಬ್ಬರು: ನೆಂಚಿಕೊಳ್ಳೋಕೆ ಮಿಸಿರ್ ವೊಟ್ ಮಾಡಿ, ಮಸೂರ್ ಬೇಳೆಯದು. 1 ಕಪ್ ಬೇಳೆಗೆ 2 ದೊಡ್ಡ ಈರುಳ್ಳಿ. ಈರುಳ್ಳಿಯನ್ನು ಎಣ್ಣೆಯಿಲ್ಲದೆ, ತಳ ಹಿಡಿದರೆ ಚಮಚ ನೀರು ಚಿಮುಕಿಸುತ್ತಾ 15 ನಿಮಿಷ ಬಾಡಿಸಿ, ಎಣ್ಣೆ ಆಮೇಲೆ. ಬೆರ್ಬೆರೆ (ಅವರ ಮೆಣಸಿನಕಾಯಿ ಮಸಾಲೆ) ಪುಡಿ ಮಕ್ಕಳಿಗೆ 1 ಚಮಚ ಸಾಕು, ಖಾರ ಜೋರಾಗಿರುತ್ತೆ. ಹೋಟೆಲಲ್ಲಿ ಸಸ್ಯಾಹಾರ ಬೇಕಿದ್ದರೆ ‘ಯೆತ್ಸೊಮ್ ಬೆಯಾಯ್ನೆತು’ ಕೇಳಿ: ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಬುಧವಾರ, ಶುಕ್ರವಾರದ ಉಪವಾಸದ ತಟ್ಟೆ ಅದು, ಹಾಲು ತುಪ್ಪವೂ ಇರಲ್ಲ.