ಸಹಾಯ ಬೇಕು: ಬರ್ಮಾ ಯುದ್ಧದ ಫಿಲ್ಮಿನಲ್ಲಿ ನಮ್ಮಜ್ಜನನ್ನು ಹುಡುಕುತ್ತಿದ್ದೇವೆ

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು (ಸೇತುವೆ, ರಸ್ತೆ ಕಟ್ಟುವ ಸೇನೆಯ ಎಂಜಿನಿಯರಿಂಗ್ ದಳ). ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಕೇಂದ್ರದಲ್ಲಿ ತರಬೇತಿ ಮುಗಿಸಿ ಬರ್ಮಾಕ್ಕೆ ಹೋದವರು. ಕಲೇವಾ ಹತ್ತಿರ ಚಿಂದ್ವಿನ್ ನದಿಗೆ ಸೇತುವೆ ಹಾಕುವಾಗ ಸಿನಿಮಾ ತೆಗೆದರು, ಅದರಲ್ಲಿ ನಾನೂ ಇದ್ದೀನಿ ಅಂತ ಹೇಳುತ್ತಿದ್ದರಂತೆ. 1944ರ ಡಿಸೆಂಬರ್‌ನಲ್ಲಿ ಕಟ್ಟಿದ, 1,150 ಅಡಿ ದಾಟುವ ಬೈಲಿ ಸೇತುವೆಯೇ (ಸಿದ್ಧ ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟುವಂಥದ್ದು) ಅದು ಇರಬೇಕು.

ಸೇನೆಯ ಕ್ಯಾಮೆರಾದವರು ಬರ್ಮಾದಲ್ಲಿ ತೆಗೆದ ರೀಲುಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ. ಜಾಸ್ತಿ ಪಾಲು ಮೂಕಿ. ಜೊತೆಗೆ ಡೋಪ್ ಶೀಟ್ ಅಂತ ಹಾಳೆ ಇರುತ್ತದೆ: ಜಾಗ, ತಾರೀಖು, ತುಕಡಿ ಬರೆದಿರುತ್ತಾರೆ. ಅಧಿಕಾರಿಗಳ ಹೆಸರು ಸಿಗುತ್ತದೆ, ಸಿಪಾಯಿಗಳದ್ದು ಅಪರೂಪ. ಮುಖ ನೋಡಿ ಗುರುತಿಸೋಣ ಅಂದರೆ ಎಲ್ಲರ ತಲೆ ಮೇಲೂ ಅದೇ ಅಗಲ ಅಂಚಿನ ಟೋಪಿ! ಹಾಗಾಗಿ ಮೊದಲು ಅಜ್ಜನ ಫೀಲ್ಡ್ ಕಂಪನಿಯ, ಅಂದರೆ ಸ್ಯಾಪರ್ಸ್‌ನೊಳಗೆ ಅವರಿದ್ದ ತುಕಡಿಯ, ನಂಬರ್ ಬೇಕು. ಬರ್ಮಾ ಸ್ಟಾರ್ ಪದಕದ ಹಿಂದೆ ಅಜ್ಜನ ಸೇವಾ ಸಂಖ್ಯೆ ಇದೆ, ಕಂಪನಿ ಇಲ್ಲ.

ಹಳೆಯ ಸೇವಾ ದಾಖಲೆ ತೆಗೆಸಿದ ಅನುಭವ ಯಾರಿಗಾದರೂ ಇದೆಯಾ? ಲಂಡನ್ನಿನಲ್ಲಿರುವ ಕನ್ನಡಿಗರು ಯಾರಾದರೂ ಆ ಹಾಳೆಗಳನ್ನು ನೋಡಿಕೊಂಡು ಬರಲು ಆಗುತ್ತದಾ? ಖರ್ಚು ನಾವೇ ಕೊಡುತ್ತೇವೆ. ದಯವಿಟ್ಟು ಸುಮ್ನೆ ಯೂಟ್ಯೂಬ್ ಲಿಂಕ್ ಕಳಿಸಬೇಡಿ. ಎಲ್ಲಿಯದೋ ತುಣುಕು ಎಲ್ಲಿಗೋ ಅಂಟಿಸಿರುತ್ತಾರೆ.

ಅಜ್ಜನ ಫೋಟೋ ಹಾಕಿದ್ದೇನೆ. ಎಡ ಹುಬ್ಬಿನ ಮೇಲೆ ಗಾಯದ ಗುರುತು ಇದೆ, ನೋಡಿ. ಅಮ್ಮನಿಗೆ 80 ದಾಟಿದೆ, ಸ್ವಲ್ಪ ಬೇಗ ತಿಳಿಸಿ.