ಸಹಾಯ ಬೇಕು: ತಮ್ಮನಿಗೆ ಕ್ಲೋಜಪಿನ್ ಆರಂಭಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ ನನ್ನ ತಮ್ಮನಿಗೆ ಎರಡು ಬೇರೆ ಬೇರೆ ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ, ತಲಾ 6 ವಾರಕ್ಕೂ ಹೆಚ್ಚು ಕಾಲ ತಪ್ಪದೆ ಕೊಟ್ಟರೂ ಕಿವಿಯಲ್ಲಿ ಕೇಳುವ ದನಿಗಳು ನಿಲ್ಲದ ಕಾರಣ, ವೈದ್ಯರು ಕ್ಲೋಜಪಿನ್ ಸೂಚಿಸಿದ್ದಾರೆ. ಫ್ಯಾನಿನ ಸದ್ದಿನಲ್ಲಿ ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಅದನ್ನು ಆರಿಸಿ, ರಾತ್ರಿಯಿಡೀ ಗೋಡೆಗೆ ಕಿವಿಗೊಟ್ಟು ಕೂರುವ ಅವನನ್ನು ನೋಡಿದರೆ ಕರುಳು ಹಿಂಡಿದಂತಾಗುತ್ತದೆ. ಮೊದಲ ಲಕ್ಷಣಗಳನ್ನು ಬರೀ ಗಾಂಜಾದ ಅಮಲೆಂದುಕೊಂಡು ಒಂದು ವರ್ಷ ಕಳೆದೆವು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವೆಂಬುದು ಆಗ ತಿಳಿದಿರಲಿಲ್ಲ.

ಈ ಔಷಧಿಯಿಂದ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಹುದಾದ್ದರಿಂದ ಮೊದಲ ಕೆಲವು ತಿಂಗಳು ವಾರ ವಾರ ರಕ್ತಪರೀಕ್ಷೆ ಆಗಬೇಕಂತೆ. ಸೂಜಿಗೆ ಹೆದರುವ, ಎಲ್ಲರನ್ನೂ ಅನುಮಾನಿಸುವ ವ್ಯಕ್ತಿಯನ್ನು ಒತ್ತಾಯವಿಲ್ಲದೆ ಇದಕ್ಕೆ ಒಪ್ಪಿಸಿದವರಿದ್ದರೆ ದಯವಿಟ್ಟು ತಿಳಿಸಿ. ಇದರ ಅಡ್ಡಪರಿಣಾಮಗಳಲ್ಲಿ ಮಲಬದ್ಧತೆಯನ್ನು ಹಗುರವಾಗಿ ಕಾಣಬಾರದೆಂದು ವೈದ್ಯರು ಎಚ್ಚರಿಸಿದ್ದಾರೆ; ಅದನ್ನೂ ಜೊಲ್ಲು, ಅತಿನಿದ್ದೆಗಳನ್ನೂ ನೀವು ಹೇಗೆ ನಿಭಾಯಿಸಿದಿರಿ?