ಪ್ರಾದೇಶಿಕ ಅಧ್ಯಯನದ ತರಗತಿಯಲ್ಲಿ ಹಿಂದಿನ ಬೆಂಚು: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮುಂಬಯಿಯ ಒಂದು ಕಾಲೇಜಿನಲ್ಲಿ ಪ್ರಾದೇಶಿಕ ಅಧ್ಯಯನ ಪಾಠ ಮಾಡುತ್ತೇನೆ. ಈ ವರ್ಷ ಕರ್ನಾಟಕದ ಭಾಗ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ ತುಳುವರು, ಕಲಬುರಗಿ ಕಡೆಯವರು, ಮರಾಠಿ ಮಕ್ಕಳು, ಉರ್ದು ಮಾಧ್ಯಮದವರು ಎಲ್ಲ ಇದ್ದಾರೆ. ಬಾಯಿ ಬಿಡುವವರು ಮಾತ್ರ ಅದೇ ನಾಲ್ಕು ಜನ. ಒಬ್ಬ ಹುಡುಗ ಊರುಗೋಲು ಹಿಡಿದು ಬರುತ್ತಾನೆ. ಎಲ್ಲರನ್ನೂ ಸೇರಿಸಿಕೊಳ್ಳಲು ನೀವು ಏನು ಮಾಡಿದಿರಿ?

ಡೊಂಬಿವಲಿಯಿಂದ ಒಬ್ಬರು:
ಮೇಡಂ, ನಾನು ಹನ್ನೊಂದು ವರ್ಷ ಇದನ್ನೇ ಕಲಿಸಿದವನು. ಮೊದಲ ನಾಲ್ಕು ವರ್ಷ ತಪ್ಪೇ ಮಾಡಿದೆ. ನನ್ನ ಪಾಠದಲ್ಲಿ ಮುಂಬಯಿ ಕನ್ನಡಿಗ ಅಂದರೆ ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ತಾನೇ ಗಲ್ಲಾದಲ್ಲಿ ಕೂತವನು. ಕಥೆ ಸುಳ್ಳಲ್ಲ. ಕರಾವಳಿಯ ಮೀನುಗಾರ ಸಮುದಾಯದ ಸಂಸ್ಥೆ ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ 1902ರಲ್ಲೇ ಹುಟ್ಟಿದೆ, ರಾತ್ರಿ ಶಾಲೆಗಳು ಎಷ್ಟೋ ಹುಡುಗರನ್ನು ದಡ ಸೇರಿಸಿವೆ. ಆದರೆ ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ಕೂಲಿಗೆ ನಿಲ್ಲುವ ಕಲಬುರಗಿ, ಯಾದಗಿರಿಯವರು? ಅವರ ಮಕ್ಕಳೂ ನನ್ನ ಮುಂದೆಯೇ ಕೂತಿದ್ದರು.

'ನಿಮ್ಮ ಮನೆತನದ ಇತಿಹಾಸ ಬರೆಯಿರಿ' ಅಂತ ಅಸೈನ್‌ಮೆಂಟ್ ಕೊಟ್ಟೆ. ಗುತ್ತಿನ ಮನೆಯ, ಅಂದರೆ ತುಳುನಾಡಿನ ಹಳೆಯ ಜಮೀನ್ದಾರಿ ಮನೆತನದ ಹುಡುಗ ಇಪ್ಪತ್ತು ಪುಟ ಬರೆದ. ಹಿಂದಿನ ಬೆಂಚಿನ ಹುಡುಗಿ ಖಾಲಿ ಹಾಳೆ ಕೊಟ್ಟಳು. ಕೇಳಿದರೆ, 'ಬರೆದರೆ ಜಾತಿ ಗೊತ್ತಾಗುತ್ತೆ ಸರ್' ಅಂದಳು. ಮರುವರ್ಷ ಪ್ರಶ್ನೆ ಬದಲಿಸಿದೆ: ನಿಮ್ಮ ಮನೆಯವರು ಮುಂಬಯಿಗೆ ಹೇಗೆ ಬಂದರು, ಎಲ್ಲಿ ಇಳಿದರು, ಆ ರಾತ್ರಿ ಎಲ್ಲಿ ಮಲಗಿದರು? ಕೊಂಕಣ ರೈಲು ಪೂರ್ತಿ ಓಡಿದ್ದೇ 1998ರಲ್ಲಿ, ಹಾಗಾಗಿ ಕರಾವಳಿ ಮಕ್ಕಳ ಅಜ್ಜಂದಿರು ಹಡಗಿನಲ್ಲೋ ಬಸ್ಸಿನಲ್ಲೋ ಬಂದವರು. ಯಾದಗಿರಿಯ ಹುಡುಗನ ಅಪ್ಪ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ನಿಂತೇ ಬಂದಿದ್ದ. ಸಾತಾರಾದ ಹುಡುಗ ಗಿರಣಿ ಕೆಲಸಕ್ಕೆ ಬಂದ ಅಜ್ಜನ ಕಥೆ ಹೇಳಿದ. ಬೆಳಗಾವಿ, ಧಾರವಾಡ, ವಿಜಯಪುರ 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು ಅಂದಾಗ ಅವನಿಗೆ ಆಶ್ಚರ್ಯ. (ನಮ್ಮ ಕನ್ನಡದ ಮಕ್ಕಳಿಗೂ ಗೊತ್ತಿರಲಿಲ್ಲ ಬಿಡಿ.)

ಇನ್ನೊಂದು, ಹಾಜರಿ ಕರೆಯುವಾಗ ಅಡ್ಡಹೆಸರು ಕೂಗಬೇಡಿ. ಶೆಟ್ಟಿಯಾ, ಪೂಜಾರಿಯಾ ಅಂತ ಅಳೆಯುವ ಚಟ ನಮ್ಮವರಿಗೆ ಜಾಸ್ತಿ, ಅಲ್ವಾ?

ಕಲ್ಯಾಣದಿಂದ ಹಳೆಯ ವಿದ್ಯಾರ್ಥಿನಿ:
ನಾನು ಆ ಹಿಂದಿನ ಬೆಂಚಿನವಳೇ, ಬೇರೆ ಕಾಲೇಜು ಅಷ್ಟೇ. 'ಅಪ್ಪ ಕೆಲಸಕ್ಕ ಹೋಗ್ಯಾನ' ಅಂದರೆ ಇಡೀ ತರಗತಿ ನಗುತ್ತಿತ್ತು, ಪಾಠ ಮಾಡುವವರೂ ಸುಮ್ನೆ ಮುಗುಳ್ನಗುತ್ತಿದ್ದರು. ಆಮೇಲೆ ಮೂರು ವರ್ಷ ನಾನು ಕೈ ಎತ್ತಲಿಲ್ಲ. ತುಳುವರ ಕನ್ನಡ ಕೇಳಿ ನಾವೂ ಮನೆಯಲ್ಲಿ ನಗುತ್ತಿದ್ದೆವು, ಅದು ಬೇರೆ ಮಾತು. ಮತ್ತೆ, ಸಂಜೆ ಐದಕ್ಕೆ ವಿಶೇಷ ತರಗತಿ ಇಟ್ಟರೆ ಟ್ಯೂಷನ್ ಹೇಳಿ, ಅಂಗಡಿಯಲ್ಲಿ ನಿಂತು ಫೀಸು ಕಟ್ಟುವವರು ಬರಲು ಆಗುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ಬರೆದುಬಿಡಬೇಡಿ.

ಬೊರಿವಲಿಯಿಂದ ಒಬ್ಬರು:
ಊರುಗೋಲಿನ ಹುಡುಗನ ಬಗ್ಗೆ ಹೇಳುತ್ತೇನೆ. ನಾವು ಪ್ರತಿ ವರ್ಷ ಕನ್ಹೇರಿ ಗುಹೆಗಳಿಗೆ ಹೋಗುತ್ತಿದ್ದೆವು. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಶಾಸನ ಅಲ್ಲಿದೆ, ಬಿಡಲು ಮನಸ್ಸು ಬರುವುದಿಲ್ಲ. ಆದರೆ ಎಲ್ಲ ಬಂಡೆಯಲ್ಲಿ ಕಡಿದ ಮೆಟ್ಟಿಲು. ಒಂದು ವರ್ಷ ಕಾಲಿಗೆ ಆಧಾರದ ಪಟ್ಟಿ (ಕ್ಯಾಲಿಪರ್) ಹಾಕಿದ ಹುಡುಗ ಮೂರು ಗಂಟೆ ಕೆಳಗೇ ಕೂತ, ಕೋತಿಗಳ ಜೊತೆ. 'ಪರವಾಗಿಲ್ಲ ಸರ್' ಅಂದ, ನನ್ನ ಮುಖ ನೋಡಿ ಅಂದದ್ದು ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ 5% ಸೀಟು ಇಡಬೇಕು ಅನ್ನುತ್ತದೆ. ಸೀಟು ಕೊಟ್ಟು ಬಾಗಿಲಲ್ಲಿ ಕೂರಿಸಿದರೆ ಏನು ಬಂತು? ಈಗ ಜಾಗ ಗೊತ್ತುಮಾಡುವ ಮೊದಲು ಅಂಥವರನ್ನೇ ಕೇಳುತ್ತೇವೆ. ಕಳೆದ ಸಲ ದಕ್ಷಿಣದವರು ಹೆಚ್ಚಿರುವ ಮಾಟುಂಗಾದ ಮಾರುಕಟ್ಟೆಯ ಸುತ್ತ ನಡೆದು, ಅಂಗಡಿಯವರನ್ನು ಮಾತಾಡಿಸಿ ಬಂದೆವು. ಸುಸ್ತಾದವರು ಹೋಟೆಲಿನಲ್ಲಿ ಕೂತು ಟಿಪ್ಪಣಿ ಬರೆದರು.

ಪ್ರಶ್ನೆ ಕೇಳಿದವರು:
ಅಸೈನ್‌ಮೆಂಟ್ ನಾಳೆಯೇ ಬದಲಿಸುತ್ತೇನೆ. ನಾನೂ 'ಮನೆತನ' ಅಂತಲೇ ಕೊಟ್ಟಿದ್ದೆ. ಸಂಜೆಯ ತರಗತಿ ಪ್ರಿನ್ಸಿಪಾಲರ ಕೈಯಲ್ಲಿದೆ, ಅದಕ್ಕೆ ಬೇರೆಯೇ ಜಗಳ ಆಡಬೇಕು.